ಮುತ್ತಾತನ ವೆಬ್ಲಿ ರಿವಾಲ್ವರ್: ಮಾರ್ಪಾಡು ಮಾಡಲು ನುರಿತ ಕೋವಿ ಕೆಲಸಗಾರರು ಬೇಕು

ಹೇಮಾವತಿ ತೀರ

ನಮ್ಮ ಮನೆಯಲ್ಲಿ ಮುತ್ತಾತನ ಕಾಲದಿಂದ ಬಂದ ಒಂದು ವೆಬ್ಲಿ (ಹಳೆಯ ಬ್ರಿಟಿಷ್ ಕಂಪನಿ) ರಿವಾಲ್ವರ್ ಇದೆ. ಮಾರ್ಕ್ 6, .455 ಬೋರ್ (ನಳಿಗೆಯ ಒಳ ಅಗಲದ ಅಳತೆ, ಇಂಚಿನಲ್ಲಿ), ಚೌಕಟ್ಟಿನ ಮೇಲೆ 1916 ಎಂದು ಒತ್ತಿದ್ದಾರೆ. ಅಪ್ಪ ತೀರಿಕೊಂಡ ಮೇಲೆ ವಾರಸುದಾರನಾಗಿ ಅರ್ಜಿ ಹಾಕಿ, ಪರವಾನಗಿ ಈಗ ನನ್ನ ಹೆಸರಿನಲ್ಲಿದೆ. ಅಲ್ಲಿಯವರೆಗೆ ಅದು ಠಾಣೆಯಲ್ಲಿ ಠೇವಣಿಯಲ್ಲಿತ್ತು. ವಾಪಸ್ ಬಂದಾಗ ನೋಡಿದರೆ ಹಿಡಿಕೆಯ ಎಡಭಾಗದ ಪಟ್ಟಿ ಬಿರುಕು ಬಿಟ್ಟಿದೆ, ಸಿಲಿಂಡರ್ ಅಲ್ಲಾಡುತ್ತದೆ, ನಳಿಗೆಯ ಮೇಲೆ ಅಲ್ಲಲ್ಲಿ ತುಕ್ಕಿನ ಚುಕ್ಕೆ.

ಇದಕ್ಕೆ ತೋಟಾ ಸಿಗುವುದಿಲ್ಲ. ಹಾಗಾಗಿ .32ಕ್ಕೆ ಬದಲಾಯಿಸಿ, ನಿಕ್ಕಲ್ ಲೇಪ ಕೊಟ್ಟು, ಹೊಸ ಹಿಡಿಕೆ ಹಾಕಿಸಬೇಕೆಂದಿದ್ದೇನೆ. ಟ್ರಿಗರ್ ಕೂಡ ತುಂಬಾ ಗಟ್ಟಿ, ಹಗುರ ಮಾಡಿಸಬೇಕು. ನಮ್ಮ ಕಡೆಯ ಒಬ್ಬರು, "ಒಂದು ವಾರ ಬಿಟ್ಟು ಹೋಗಿ, ಹೊಸದರಂತೆ ಮಾಡಿಕೊಡುತ್ತೇನೆ" ಎಂದರು. ಅವರ ಅಂಗಡಿಯಲ್ಲಿ ಪಂಪ್‌ಸೆಟ್ಟುಗಳೂ ಕಳೆ ಕತ್ತರಿಸುವ ಯಂತ್ರಗಳೂ ತುಂಬಿದ್ದವು. ಧೈರ್ಯ ಬರಲಿಲ್ಲ. ಹಾಸನ, ಮೈಸೂರು, ಬೆಂಗಳೂರು, ಮಡಿಕೇರಿ ಎಲ್ಲಾದರೂ ಸರಿ, ನಿಜವಾಗಿ ಕೆಲಸ ಗೊತ್ತಿರುವವರು ಯಾರಿದ್ದಾರೆ?

ದೂರದ ಬೆಟ್ಟ

ಬಿಹಾರದ ಮುಂಗೇರಿಗೆ ಹೋಗಿ. ಬಂಗಾಳದ ನವಾಬ ಮೀರ್ ಕಾಸಿಮ್ ರಾಜಧಾನಿ ಮಾಡಿಕೊಂಡಾಗಿನಿಂದ ಅಲ್ಲಿ ಬಂದೂಕು ಮಾಡುತ್ತಿದ್ದಾರೆ. ಆ ಊರಿನ ಕೈಗೆ ಸಾಟಿ ಇಲ್ಲ. ನಮ್ಮ ಪರಿಚಯದವರೊಬ್ಬರು ಅಲ್ಲಿ ಏನು ಬೇಕಾದರೂ ಮಾಡಿಕೊಡುವವರನ್ನು ಬಲ್ಲರು, ಅವರ ಮೊಬೈಲ್ ಸಂಖ್ಯೆ ಹಾಕಿದ್ದೇನೆ.

ನಿರ್ವಾಹಕರು

ಮೇಲಿನ ಸಂಖ್ಯೆಯನ್ನು ತೆಗೆದಿದ್ದೇವೆ. ಮುಂಗೇರಿನಲ್ಲಿ ಪರವಾನಗಿ ಪಡೆದ ತಯಾರಕರೂ ಇದ್ದಾರೆ, ಪೊಲೀಸರು ಆಗಾಗ ದಾಳಿ ಮಾಡುವ ಅಕ್ರಮ ಕುಲುಮೆಗಳೂ ಇವೆ. "ಏನು ಬೇಕಾದರೂ ಮಾಡಿಕೊಡುವವರು" ಯಾವ ಗುಂಪಿನವರು ಎಂದು ವಿವರಿಸಬೇಕಿಲ್ಲ. ವೈಯಕ್ತಿಕ ಸಂಖ್ಯೆ, ವಿಳಾಸ ಹಾಕಬೇಡಿ. ಪರವಾನಗಿ ಇಲ್ಲದ ಕೆಲಸಕ್ಕೆ ದಾರಿ ತೋರಿಸುವ ಬರಹ ಇಲ್ಲಿ ಉಳಿಯುವುದಿಲ್ಲ.

ಕಟಕಟೆ

ಹೇಮಾವತಿ ತೀರ ಅವರೇ, ನಿಮ್ಮ ಪಟ್ಟಿಯ ಮೊದಲ ಬೇಡಿಕೆಯನ್ನು ಇಲ್ಲಿಗೇ ಬಿಟ್ಟುಬಿಡಿ. .455 ಎಂಬುದು ನಿಷೇಧಿತ ಬೋರ್. .380 ಅಥವಾ .455 ರಿಮ್ (ಬುಡದಲ್ಲಿ ಹೊರಚಾಚಿದ ಅಂಚು) ಇರುವ ತೋಟಾ ಹಾರಿಸಬಲ್ಲ ಪಿಸ್ತೂಲು, ರಿವಾಲ್ವರ್ ಎಲ್ಲವನ್ನೂ ಶಸ್ತ್ರ ನಿಯಮಗಳು ಮೊದಲಿನಿಂದಲೂ ಒಂದನೇ ವರ್ಗದಲ್ಲಿ ಇಟ್ಟಿವೆ. ಆ ವರ್ಗದ ಅಧಿಕಾರ ಕೇಂದ್ರ ಗೃಹ ಸಚಿವಾಲಯದ್ದು. .32 ಸಾಮಾನ್ಯ ಬೋರ್.

ಈಗ 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಂ ನೋಡಿ. ಮೊದಲು ಅದು ನಳಿಗೆಯನ್ನು ಮೊಟಕುಗೊಳಿಸುವುದು, ಆಟಿಕೆಯಂಥ ನಕಲಿ ಕೋವಿಯನ್ನು ಅಸಲಿ ಮಾಡುವುದು ಇವೆರಡನ್ನು ಮಾತ್ರ ಹೇಳುತ್ತಿತ್ತು. 2019ರ ತಿದ್ದುಪಡಿ ಇನ್ನೊಂದು ಮಾತು ಸೇರಿಸಿತು: ಒಂದು ವರ್ಗದ ಕೋವಿಯನ್ನು ಇನ್ನೊಂದು ವರ್ಗಕ್ಕೆ ಬದಲಾಯಿಸುವುದಕ್ಕೂ ಪರವಾನಗಿ ಬೇಕು. ನೀವು ಕೇಳುತ್ತಿರುವುದು ಅಕ್ಷರಶಃ ಅದನ್ನೇ. ಈ ಕಲಂ ಮೀರಿದರೆ 25ನೇ ಕಲಂ ಪ್ರಕಾರ ಏಳು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸ, ಜೀವಾವಧಿಯವರೆಗೂ ಹೋಗಬಹುದು. ಪಂಪ್‌ಸೆಟ್ ಅಂಗಡಿಯವರಿಗೆ ಇದು ತಿಳಿದಿರುವಂತೆ ಕಾಣಲಿಲ್ಲ.

ಹೇಮಾವತಿ ತೀರ

ನನಗೆ ಇದು ಅರ್ಥವಾಗುತ್ತಿಲ್ಲ. ದೊಡ್ಡ ಬೋರ್ ಅನ್ನು ಚಿಕ್ಕದು ಮಾಡಿಸುತ್ತಿದ್ದೇನೆ, ನಿಷೇಧಿತವನ್ನು ಸಾಮಾನ್ಯ ಮಾಡಿಸುತ್ತಿದ್ದೇನೆ. ಸರ್ಕಾರಕ್ಕೆ ಇದರಿಂದ ಲಾಭವೇ ಅಲ್ಲವೇ? ಮಾಲೀಕ ನಾನೇ, ಪರವಾನಗಿಯೂ ಇದೆ.

ಕಟಕಟೆ

ನಿಮ್ಮ ಪರವಾನಗಿ ಇಟ್ಟುಕೊಳ್ಳುವುದಕ್ಕೆ. ಬದಲಾಯಿಸುವುದಕ್ಕಲ್ಲ. ಕಾಯ್ದೆಯಲ್ಲಿ ಇವು ಬೇರೆ ಬೇರೆ: 3ನೇ ಕಲಂ ಹೊಂದುವುದರ ಬಗ್ಗೆ, 5ನೇ ಕಲಂ ತಯಾರಿಕೆ, ಮಾರಾಟ, ಮಾರ್ಪಾಡು, ದುರಸ್ತಿ, ಪರೀಕ್ಷೆಗಳ ಬಗ್ಗೆ. ಕೋವಿ ನಿಮ್ಮದಾದ ಮಾತ್ರಕ್ಕೆ ಅದನ್ನು ಬಿಚ್ಚಿ ಬೇರೆಯದೊಂದು ಮಾಡುವ ಹಕ್ಕು ಬರುವುದಿಲ್ಲ.

ಇನ್ನೂ ಒಂದು ತೊಡಕು. ನಿಮ್ಮ ಪರವಾನಗಿ ಪುಸ್ತಕದಲ್ಲಿ ಬೋರ್, ತಯಾರಕರು, ಕೋವಿಯ ಸಂಖ್ಯೆ ನಮೂದಾಗಿದೆ. ರಾಷ್ಟ್ರೀಯ ದತ್ತಾಂಶದಲ್ಲೂ ಅದೇ ವಿವರ ನಿಮ್ಮ ಗುರುತಿನ ಸಂಖ್ಯೆಯ ಅಡಿಯಲ್ಲಿದೆ. ಮುಂದಿನ ನವೀಕರಣದ ಹೊತ್ತಿಗೆ ಕೋವಿ ತಪಾಸಣೆಗೆ ಹೋದಾಗ .455 ಎಂದು ಬರೆದಿರುವ ಜಾಗದಲ್ಲಿ .32 ಕಂಡರೆ ಅಧಿಕಾರಿ ಏನು ಮಾಡಬೇಕೆಂದು ನೀವೇ ಹೇಳಿ.

.32 ಬೇಕೇ ಬೇಕೆಂದಿದ್ದರೆ .32ಕ್ಕೇ ಅರ್ಜಿ ಹಾಕಿ. 2019ರ ನಂತರ ಒಬ್ಬರ ಹೆಸರಿನಲ್ಲಿ ಎರಡು ಕೋವಿ ಇರಬಹುದು. ಕಾನ್ಪುರದ ಸರ್ಕಾರಿ ಕಾರ್ಖಾನೆಯದು ಸಿಗುತ್ತದೆ. ವೆಬ್ಲಿ ಹೆಸರೇ ಇರಬೇಕೆಂಬ ಮೋಹವಿದ್ದರೆ ಆ ಸಂಸ್ಥೆಯ .32 ರಿವಾಲ್ವರ್ ಉತ್ತರಪ್ರದೇಶದ ಹರದೋಯಿ ಜಿಲ್ಲೆಯ ಸಂಡೀಲಾದಲ್ಲಿ ತಯಾರಾಗುತ್ತಿದೆ.

ಹಳೆಯ ಶಸ್ತ್ರಾಗಾರ

ಜಿಲ್ಲಾ ಸಶಸ್ತ್ರ ಮೀಸಲು ಪಡೆಯಲ್ಲಿ ಆರ್ಮರರ್ (ಆಯುಧಗಳ ದುರಸ್ತಿಗಾರ) ಆಗಿ ನಿವೃತ್ತನಾದವನು. ಕಾನೂನನ್ನು ಕಟಕಟೆ ಅವರು ಹೇಳಿದರು, ನಾನು ಕಬ್ಬಿಣದ ಮಾತು ಹೇಳುತ್ತೇನೆ.

.455ರ ನಳಿಗೆ ಒಳಗೆ 11 ಮಿಲಿಮೀಟರ್‌ಗೂ ಹೆಚ್ಚು ಅಗಲ. .32ರ ಗುಂಡು 8 ಮಿಲಿಮೀಟರ್ ಮುಟ್ಟುವುದಿಲ್ಲ. ನಳಿಗೆಯೊಳಗೆ ಇನ್ನೊಂದು ನಳಿಗೆ ಕೂರಬೇಕು, ಸಿಲಿಂಡರ್ ಪೂರ್ತಿ ಹೊಸದಾಗಬೇಕು, ತೋಟಾ ಹೊರದೂಡುವ ನಕ್ಷತ್ರವೂ ಬದಲಾಗಬೇಕು, ಹ್ಯಾಮರಿನ (ತೋಟಾಕ್ಕೆ ಬಡಿಯುವ ಸುತ್ತಿಗೆಯ) ಮೂತಿ ತೋಟಾದ ಬುಡದಲ್ಲಿರುವ ಚಿಕ್ಕ ಸಿಡಿಮದ್ದಿನ ಕ್ಯಾಪಿಗೆ ಸರಿಹೊಂದಬೇಕು. ಇದರಲ್ಲಿ ದುರಸ್ತಿ ಎಲ್ಲಿದೆ? ಒತ್ತಡ ತಡೆಯುವ ಭಾಗ ಹೊಸದಾಗಿ ಮಾಡಿದರೆ ಅದು ತಯಾರಿಕೆ. ಇಷ್ಟೆಲ್ಲ ಆದ ಮೇಲೆ ಉಳಿಯುವುದು ಮುತ್ತಾತನ ಚೌಕಟ್ಟು ಮತ್ತು ಹಿಡಿಕೆಯ ಸ್ಕ್ರೂ. ಸಾಧ್ಯವೇ ಎಂದರೆ ಸಾಧ್ಯ. ಅದನ್ನು ಸರಿಯಾಗಿ ಮಾಡಬಲ್ಲವನು ನಿಮಗೆ ಮಾಡಿಕೊಡಲು ಒಪ್ಪುವುದಿಲ್ಲ, ಒಪ್ಪುವವನಿಗೆ ಬರುವುದಿಲ್ಲ.

ಟ್ರಿಗರ್ ಹಗುರ ಮಾಡಿಸುವ ಯೋಚನೆಯನ್ನೂ ಬಿಡಿ. ವೆಬ್ಲಿಯಲ್ಲಿ ಆಂಗ್ಲರ ವಿ ಅಕ್ಷರದಂತೆ ಮಡಿಸಿದ ಚಪ್ಪಟೆ ಸ್ಪ್ರಿಂಗ್ ಇರುತ್ತದೆ. ಹ್ಯಾಮರಿಗೂ ಅದೇ, ಟ್ರಿಗರ್ ವಾಪಸ್ ಬರುವುದಕ್ಕೂ ಅದೇ. ನೂರು ವರ್ಷದ ಸ್ಪ್ರಿಂಗನ್ನು ಉಜ್ಜಿ ತೆಳುವಾಗಿಸಿದರೆ ಒಂದು ದಿನ ಸೀಳುತ್ತದೆ. ಹ್ಯಾಮರ್ ನಿಲ್ಲುವ ಮೆಟ್ಟಿಲನ್ನು ಉಜ್ಜಿದರೆ ಇನ್ನೂ ಕೆಟ್ಟದ್ದು, ಎತ್ತಿಟ್ಟ ಹ್ಯಾಮರ್ ತಾನಾಗಿ ಬೀಳುತ್ತದೆ. ಅಂಥ ಕೋವಿಗಳು ನಮ್ಮ ಮೇಜಿಗೆ ಬಂದಿದ್ದವು, ಸಾಮಾನ್ಯವಾಗಿ ಒಂದು ದುರಂತದ ನಂತರ.

ಈಗ ನಿಮ್ಮ ನಿಜವಾದ ತೊಂದರೆ, ಸಿಲಿಂಡರ್. ಮೊದಲು ಕೋವಿ ತೆರೆದು ಆರೂ ಮನೆ ಖಾಲಿ ಇದೆಯೇ ಎಂದು ಕಣ್ಣಿನಿಂದ ನೋಡಿ, ಬೆರಳಿನಿಂದಲೂ ಮುಟ್ಟಿ ನೋಡಿ. ಹ್ಯಾಮರ್ ಕೆಳಗಿರುವಾಗ ಸಿಲಿಂಡರ್ ಸ್ವಲ್ಪ ಆಡುವುದು ಸಹಜ. ಹ್ಯಾಮರ್ ಪೂರ್ತಿ ಎತ್ತಿದಾಗಲೂ ಎಡಬಲ ಆಡುತ್ತಿದ್ದರೆ ತಡೆ ಸವೆದಿದೆ. ಹಿಂದೆ ಮುಂದೆ ಆಡುತ್ತಿದ್ದರೆ ಅಚ್ಚಿನ ಕಡೆ ಸವೆತ. ಇನ್ನು ಹಿಡಿಕೆಯನ್ನು ಒಂದು ಕೈಯಲ್ಲಿ, ನಳಿಗೆಯನ್ನು ಇನ್ನೊಂದರಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ವೆಬ್ಲಿ ಮಧ್ಯಕ್ಕೆ ಮಡಿಚಿ ತೆರೆಯುವ ಕೋವಿ, ಅದರ ಪ್ರಾಣವೆಲ್ಲ ಮೇಲಿನ ಚಿಲಕ ಮತ್ತು ಕೆಳಗಿನ ಕೀಲಿನಲ್ಲಿ. ಅಲ್ಲಿ ಕಟಕಟ ಸದ್ದು ಬಂದರೆ ಗುಂಡು ಹಾರಿಸುವ ಮಾತೇ ಬೇಡ. ಪರೀಕ್ಷೆಗೆಂದು ಖಾಲಿ ಕೋವಿಯ ಟ್ರಿಗರ್ ಒತ್ತುತ್ತಾ ಕೂರಬೇಡಿ. ಹ್ಯಾಮರಿನ ಮೂತಿಯೇ ಇದರಲ್ಲಿ ಪಿನ್ನು, ಅದು ಮುರಿದರೆ ಬದಲಿ ಹುಡುಕುವುದು ಕಷ್ಟ.

ಮೂರೂ ಕಡೆ ಏನು ಕಂಡಿತು ಎಂದು ಇಲ್ಲಿ ಬರೆಯಿರಿ.

ಓಹಾಯೋದಿಂದ

ಇಲ್ಲಿಯ ಅನುಭವ ಸೇರಿಸುತ್ತೇನೆ. ಅಮೆರಿಕದಲ್ಲಿ ಎರಡನೇ ಮಹಾಯುದ್ಧದ ನಂತರ ಮಾರ್ಕ್ 6 ರಿವಾಲ್ವರ್‌ಗಳು ಸಾವಿರಾರು ಬಂದಿಳಿದವು. .455 ತೋಟಾ ಇಲ್ಲಿಯೂ ವಿರಳ. .45 ಎಸಿಪಿ ಎಂಬ ಅಮೆರಿಕದ ಪಿಸ್ತೂಲು ತೋಟಾ ಮಾತ್ರ ಮೂಲೆ ಮೂಲೆಯಲ್ಲಿ ಸಿಗುತ್ತಿತ್ತು. ಹಾಗಾಗಿ ಆಮದುದಾರರು ಸಿಲಿಂಡರಿನ ಹಿಂಭಾಗ ಕೆತ್ತಿಸಿ, ಅರ್ಧಚಂದ್ರದ ಕ್ಲಿಪ್ಪಿನಲ್ಲಿ .45 ಎಸಿಪಿ ಕೂರುವಂತೆ ಮಾಡಿ ಅಗ್ಗಕ್ಕೆ ಮಾರಿದರು.

ಪರಿಣಾಮ ಏನೆಂದರೆ, ಕಾರ್ಖಾನೆಯ .45 ಎಸಿಪಿ ತೋಟಾದ ಗರಿಷ್ಠ ಒತ್ತಡ 21,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ವೆಬ್ಲಿಯನ್ನು ಮಾಡಿದ್ದು ಅದಕ್ಕಿಂತ ಬಹಳ ಕಡಿಮೆ ಒತ್ತಡದ ತೋಟಾಕ್ಕೆ. ತಯಾರಿಕೆಯ ಕಾಲದ ಪರೀಕ್ಷೆಯ ಮಿತಿಯನ್ನೇ ಅದು ಮೀರುತ್ತದೆ. ಒಡೆದ ಸಿಲಿಂಡರಿನ ಚಿತ್ರಗಳು ಸಂಗ್ರಾಹಕರ ನಡುವೆ ಇಂದಿಗೂ ಓಡಾಡುತ್ತವೆ. ಈಗ ಇಲ್ಲಿ ಹಳೆಯ ವೆಬ್ಲಿ ಕೊಳ್ಳಲು ಹೋದರೆ ಎಲ್ಲರೂ ಮೊದಲು ತಿರುಗಿಸಿ ನೋಡುವುದು ಸಿಲಿಂಡರಿನ ಹಿಂಭಾಗವನ್ನೇ. ಕೆತ್ತದೇ ಉಳಿದದ್ದಕ್ಕೆ ಬೆಲೆಯೇ ಬೇರೆ.

ಪುರಾತನ ಎಂಬ ಮಾತಿಗೆ ಇಲ್ಲಿ ಗೆರೆ ಸ್ಪಷ್ಟ: 1898 ಅಥವಾ ಅದಕ್ಕೂ ಮೊದಲು ತಯಾರಾದದ್ದು ಸಂಯುಕ್ತ ಸರ್ಕಾರದ ಕಾಯ್ದೆಯಲ್ಲಿ ಬಂದೂಕಿನ ಲೆಕ್ಕಕ್ಕೇ ಬರುವುದಿಲ್ಲ. 1916ರದು ಬರುತ್ತದೆ.

ದೂರದ ಬೆಟ್ಟ

ಭಾರತದಲ್ಲೂ ಪುರಾತನ ವಸ್ತುವಿಗೆ ವಿನಾಯಿತಿ ಇದೆಯಲ್ಲ? ನೂರು ವರ್ಷ ದಾಟಿದ ಮೇಲೆ ಪರವಾನಗಿಯೇ ಬೇಡ ಎಂದು ಕೇಳಿದ್ದೇನೆ.

ಕಟಕಟೆ

ಅರ್ಧ ಕೇಳಿದ್ದೀರಿ. 45ನೇ ಕಲಮಿನಲ್ಲಿ ಹಳೆಯ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧದ ಉಲ್ಲೇಖ ಇದೆ. ಆದರೆ ಅದರ ಬಾಲದಲ್ಲೇ ಷರತ್ತು ಇದೆ: ದುರಸ್ತಿ ಮಾಡಿದರೂ ಮಾಡದಿದ್ದರೂ ಕೋವಿಯಾಗಿ ಬಳಸಲು ಆಗದಂತಿರಬೇಕು. ಗುಂಡು ಹಾರಿಸಬಲ್ಲ ವೆಬ್ಲಿಗೆ ನೂರಲ್ಲ, ಇನ್ನೂರು ವರ್ಷವಾದರೂ ಈ ಕಲಂ ನೆರಳು ಕೊಡುವುದಿಲ್ಲ. ನೂರು ವರ್ಷದ ಲೆಕ್ಕ ಬಂದದ್ದು 1972ರ ಪುರಾವಸ್ತು ಕಾಯ್ದೆಯಿಂದ, ಅದರ ಹಾದಿಯೇ ಬೇರೆ. ಹಾಂ, ಅದರ ಪ್ರಕಾರ ನೂರು ದಾಟಿದ ಪುರಾವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಓಹಾಯೋದವರಿಗೆ ಮಾರುವ ಆಲೋಚನೆ ಯಾರಿಗಾದರೂ ಬಂದರೆ ನೆನಪಿರಲಿ.

ಓಹಾಯೋದಿಂದ

ನನಗೆ ಬೇಡ. ನನ್ನ ಹೆಂಡತಿ ಒಂದಕ್ಕೇ ಒಪ್ಪಿದ್ದು.

ಕಾಲುವೆ ದಂಡೆ

ನಾನಿರುವುದು ಬರ್ಮಿಂಗ್‌ಹ್ಯಾಮ್‌ನಲ್ಲಿ, ಅಂದರೆ ನಿಮ್ಮ ರಿವಾಲ್ವರ್ ಹುಟ್ಟಿದ ಊರಿನಲ್ಲಿ. ಇಲ್ಲಿ 1813ರಲ್ಲಿ ಸ್ಥಾಪನೆಯಾದ ಪ್ರೂಫ್ ಹೌಸ್ ಇಂದಿಗೂ ಕೆಲಸ ಮಾಡುತ್ತಿದೆ. ಸಾಮಾನ್ಯಕ್ಕಿಂತ ಹೆಚ್ಚು ಒತ್ತಡದ ತೋಟಾ ಹಾರಿಸಿ, ಕೋವಿ ತಡೆದುಕೊಂಡರೆ ಮುದ್ರೆ ಒತ್ತುತ್ತಾರೆ. ನಳಿಗೆಗೋ ಸಿಲಿಂಡರಿಗೋ ಶಕ್ತಿ ಕುಂದುವಂಥ ಮಾರ್ಪಾಡು ಆದರೆ ಹಳೆಯ ಮುದ್ರೆ ಸತ್ತಂತೆ, ಮತ್ತೆ ಪರೀಕ್ಷೆ ಆಗದೆ ಮಾರುವಂತಿಲ್ಲ. ಹಾಗಾಗಿ ಇಲ್ಲಿಯ ಕೆಲಸಗಾರರು ಮಾರ್ಪಾಡು ಎಂದೊಡನೆ ಕೇಳುವ ಮೊದಲ ಪ್ರಶ್ನೆ, ಪ್ರೂಫ್ ಯಾರು ಮಾಡಿಸುತ್ತಾರೆ ಎಂಬುದು.

ಇಲ್ಲಿ ಕೈಕೋವಿಗಳ ಮೇಲೆ 1997ರಿಂದ ನಿಷೇಧವಿದೆ, ಡನ್‌ಬ್ಲೇನ್ ಶಾಲೆಯ ಹತ್ಯಾಕಾಂಡದ ನಂತರ ಬಂದದ್ದು. ಬಳಕೆ ತಪ್ಪಿದ ತೋಟಾಗಳ ಒಂದು ಸರ್ಕಾರಿ ಪಟ್ಟಿ ಇದೆ. ಆ ಪಟ್ಟಿಯ ಹಳೆಯ ಕೋವಿಯನ್ನು ಕುತೂಹಲದ ವಸ್ತುವಾಗಿ ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದು. .455 ಆ ಪಟ್ಟಿಯಲ್ಲಿ ಇಲ್ಲ. 2021ರಲ್ಲಿ ಪಟ್ಟಿಯಿಂದ ಇನ್ನೂ ಏಳು ತೋಟಾಗಳನ್ನು ಕಿತ್ತುಹಾಕಿದರು, ಅಪರಾಧಿಗಳು ಹಳೆಯ ರಿವಾಲ್ವರ್‌ಗಳಿಗೆ ತೋಟಾ ಮಾಡಿಕೊಂಡು ಬಳಸುತ್ತಿದ್ದಾರೆ ಎಂಬ ಕಾರಣಕ್ಕೆ. ಹುಟ್ಟಿದ ಊರಿನಲ್ಲೇ ಹೀಗಿರುವಾಗ ಹಾಸನದ ಜಿಲ್ಲಾಧಿಕಾರಿ ಕಚೇರಿ ಬಿಗಿ ಎಂದು ಗೊಣಗಬೇಡಿ.

ಹಿಡಿಕೆಯ ಪಟ್ಟಿ ಮೂಲದಲ್ಲಿ ವಲ್ಕನೈಟ್, ಗಟ್ಟಿ ರಬ್ಬರಿನಂಥದ್ದು. ಬಿಸಿಲಿಗೆ ಕಂದು ತಿರುಗುತ್ತದೆ, ವಯಸ್ಸಾದಂತೆ ಸ್ಕ್ರೂ ಸುತ್ತ ಸೀಳುತ್ತದೆ. ಅದನ್ನು ಎಸೆಯಬೇಡಿ. ಮರದ್ದು ಮಾಡಿಸಿ ಹಾಕಿ, ಹಳೆಯದನ್ನು ಡಬ್ಬಿಯಲ್ಲಿ ಇಡಿ.

ಕುಶಾಲನಗರ ದಾಟಿ

ಕೊಡಗಿನಿಂದ ಒಂದು ಮಾತು, ಏಕೆಂದರೆ ಎಲ್ಲರೂ "ಮಡಿಕೇರಿಗೆ ಹೋಗಿ" ಎನ್ನುತ್ತಾರೆ. ನಮ್ಮಲ್ಲಿ ಕೋವಿ ಇಲ್ಲದ ಐನ್‌ಮನೆ (ಕುಲದ ಮೂಲಮನೆ) ಇಲ್ಲ ಎಂಬುದು ನಿಜ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೋವಿ ಪರವಾನಗಿಯಿಂದ ಕೊಟ್ಟ ವಿನಾಯಿತಿ ಹಲವು ರೂಪ ತಾಳಿ ಇಂದಿಗೂ ನಡೆದು ಬಂದಿದೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಅನ್ವಯವಾಗುವ ಈ ವಿನಾಯಿತಿಯನ್ನು 2029ರವರೆಗೆ ವಿಸ್ತರಿಸಿದ್ದಾರೆ, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ಸಾಲಾಗಿ ಇಟ್ಟು, ನಳಿಗೆಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜಿಸುತ್ತೇವೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು.

ಆದರೆ ಈ ವಿನಾಯಿತಿ ಕೋವಿ ಹೊಂದುವವರಿಗೆ. ಅದನ್ನು ಬಿಚ್ಚಿ ರಿಪೇರಿ ಮಾಡುವವನಿಗಲ್ಲ, ಅವನಿಗೆ ಪರವಾನಗಿ ಬೇಕೇ ಬೇಕು. ಎರಡನೆಯದಾಗಿ, ನಮ್ಮ ಕಡೆಯ ಹಳೆಯ ಕೈಗಳು ಪಳಗಿರುವುದು ಒಂಟಿ ನಳಿಗೆ, ಜೋಡಿ ನಳಿಗೆಯ ತೋಟಾಕೋವಿಗಳಲ್ಲಿ. ಹಿಮ್ಮಡಿ (ಹೆಗಲಿಗೆ ಒತ್ತುವ ಮರದ ಭಾಗ) ಮುರಿದರೆ ತೇಗದಲ್ಲೋ ಬೀಟೆಯಲ್ಲೋ ಮೂಲಕ್ಕಿಂತ ಚೆನ್ನಾಗಿ ಮಾಡಿಕೊಡುತ್ತಾರೆ. ರಿವಾಲ್ವರಿನ ಒಳಗಡೆ ಬೇರೆಯೇ ಲೋಕ. ನಾನು ಬಲ್ಲ ಒಬ್ಬ ಹಿರಿಯ ಕೆಲಸಗಾರರ ಬಳಿ ಇಂಥದ್ದನ್ನು ಒಯ್ದರೆ ಮಡಿಚಿ ತೆರೆದು, ನೋಡಿ, ಮುಚ್ಚಿ, ವಾಪಸ್ ಕೊಡುತ್ತಾರೆ. "ಇದು ನನ್ನ ಕೆಲಸವಲ್ಲ" ಎನ್ನುವಷ್ಟು ದೊಡ್ಡತನ ಅವರಿಗಿದೆ. ಹಿಡಿಕೆಯ ಮರದ ಕೆಲಸಕ್ಕೆ ಮಾತ್ರ ನಿಶ್ಚಿಂತೆಯಿಂದ ಇಲ್ಲಿಗೆ ಬನ್ನಿ.

ಹೇಮಾವತಿ ತೀರ

ಹಳೆಯ ಶಸ್ತ್ರಾಗಾರ ಅವರೇ, ನೀವು ಹೇಳಿದಂತೆ ನೋಡಿದೆ. ಹ್ಯಾಮರ್ ಎತ್ತಿದಾಗ ಸಿಲಿಂಡರ್ ಎಡಬಲ ಅಲ್ಲಾಡುವುದಿಲ್ಲ. ಹಿಂದೆ ಮುಂದೆ ಕೂದಲೆಳೆಯಷ್ಟು ಆಡುತ್ತದೆ. ನಳಿಗೆಯ ಕೀಲು ಗಟ್ಟಿಯಾಗಿದೆ, ಸದ್ದಿಲ್ಲ. ಚೌಕಟ್ಟು, ನಳಿಗೆ, ಸಿಲಿಂಡರ್ ಮೂರರ ಮೇಲೂ ಒಂದೇ ಸಂಖ್ಯೆ ಇದೆ. ಚೌಕಟ್ಟಿನ ಮೇಲೆ ಬಾಣದ ಗುರುತುಗಳೂ ಇವೆ, ಒಂದು ಕಡೆ ಎರಡು ಬಾಣ ತುದಿಗೆ ತುದಿ ತಾಗಿಸಿದಂತಿವೆ. ನಮ್ಮ ಮುತ್ತಾತ ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್‌ನಲ್ಲಿ ದಫೇದಾರ್ (ಹವಾಲ್ದಾರನಿಗೆ ಸಮ) ಆಗಿದ್ದರು, ಈಗ ಇಸ್ರೇಲಿನಲ್ಲಿರುವ ಹೈಫಾದ ಕಾಳಗದಲ್ಲಿ ಈ ರಿವಾಲ್ವರ್ ಅವರ ಸೊಂಟದಲ್ಲಿತ್ತು ಎಂದು ಮನೆಯಲ್ಲಿ ಹೇಳುತ್ತಾರೆ.

ಇತಿಹಾಸದ ಹುಳು

ಬೇಸರ ಮಾಡಿಕೊಳ್ಳಬೇಡಿ, ಆದರೆ ಈ ಕಥೆ ನಿಲ್ಲುವುದಿಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದ ಸವಾರರ ಜೊತೆ ಮೈಸೂರು ಲ್ಯಾನ್ಸರ್ಸ್ ಇದ್ದದ್ದು ನಿಜ, ನಿಮ್ಮ ಮುತ್ತಾತ ಅಲ್ಲಿದ್ದಿರಲೂ ಬಹುದು. ಆದರೆ ಅವರ ಕೈಯಲ್ಲಿ ಇದ್ದದ್ದು ಭರ್ಜಿ. ರಿವಾಲ್ವರ್ ಅಧಿಕಾರಿಗಳ ಆಯುಧ, ದಫೇದಾರರಿಗೆ ಸಿಗುವುದು ಅಪರೂಪ. ಅದಕ್ಕಿಂತ ಮುಖ್ಯವಾಗಿ ಸರ್ಕಾರಿ ಆಯುಧವನ್ನು ಯುದ್ಧ ಮುಗಿದ ಮೇಲೆ ಮನೆಗೆ ಒಯ್ಯಲು ಬಿಡುವುದಿಲ್ಲ.

ನೀವು ಹೇಳಿದ ಜೋಡಿ ಬಾಣವೇ ಉತ್ತರ. ಒಂಟಿ ಬಾಣ ಬ್ರಿಟಿಷ್ ಸರ್ಕಾರದ ಸ್ವತ್ತು ಎಂಬುದರ ಗುರುತು. ಎರಡು ಬಾಣ ತುದಿಗೆ ತುದಿ ತಾಗಿದ್ದರೆ ಸೇನೆಯಿಂದ ತೆಗೆದು ಮಾರಿದ್ದು ಎಂದರ್ಥ. ಅಂದರೆ ಯಾರೋ ಅದನ್ನು ಕೊಂಡಿದ್ದಾರೆ. ಕೊಂಡವರು ನಿಮ್ಮ ಮುತ್ತಾತನೇ ಇರಬಹುದು, ಅವರಿಗೆ ಕೊಟ್ಟ ತೋಟದ ದೊರೆ ಇರಬಹುದು. ಮನೆಯಲ್ಲಿ ಮೊದಲ ಪರವಾನಗಿಯ ಪುಸ್ತಕ ಉಳಿದಿದ್ದರೆ ಅದರ ವರ್ಷ ನೋಡಿ, ಕಥೆಗಿಂತ ಅದು ಹೆಚ್ಚು ಹೇಳುತ್ತದೆ.

ಹೇಮಾವತಿ ತೀರ

ಅಜ್ಜಿ ಬದುಕಿದ್ದರೆ ನಿಮ್ಮನ್ನು ಜಗಲಿಯಿಂದ ಇಳಿಸುತ್ತಿದ್ದರು. ಪುಸ್ತಕ ಹುಡುಕುತ್ತೇನೆ.

ಹಳೆಯ ಶಸ್ತ್ರಾಗಾರ

ಮೂರು ಭಾಗಕ್ಕೂ ಒಂದೇ ಸಂಖ್ಯೆ ಇದೆ, ಕೀಲು ಗಟ್ಟಿ ಇದೆ, ಸಿಲಿಂಡರ್ ಬಿಗಿಯಾಗಿ ನಿಲ್ಲುತ್ತದೆ. ಇಂಥದ್ದನ್ನು ಕೊಯ್ಯಲು ಹೊರಟಿದ್ದಿರಲ್ಲ! ನಿಮಗೆ ಮಾರ್ಪಾಡು ಮಾಡುವವನು ಬೇಡ. ಬಿಚ್ಚಿ, ತೊಳೆದು, ಎಣ್ಣೆ ಹಾಕಿ, ಯಾವುದನ್ನೂ ಕಳೆಯದೆ, ಯಾವುದನ್ನೂ ಗೀರದೆ ಮತ್ತೆ ಜೋಡಿಸುವವನು ಬೇಕು. ಅಂಥವನು ಸಿಗುವುದು ಮಾರ್ಪಾಡು ಮಾಡುವವನಿಗಿಂತ ಕಷ್ಟ.

ಹೇಗೆ ಗುರುತಿಸುವುದೆಂದರೆ, ಸ್ಕ್ರೂಡ್ರೈವರ್ ನೋಡಿ. ವೆಬ್ಲಿಯ ಸ್ಕ್ರೂಗಳ ತಲೆಯ ಸೀಳು ಕಿರಿದು, ಆಳ. ಅಂಗಡಿಯಲ್ಲಿ ಸಿಗುವ ಸ್ಕ್ರೂಡ್ರೈವರಿನ ತುದಿ ಆಪಿನಂತೆ ಇಳಿಜಾರಾಗಿರುತ್ತದೆ, ಸೀಳಿನ ಬಾಯಿಯಲ್ಲಷ್ಟೇ ಕಚ್ಚುತ್ತದೆ, ಬಲ ಹಾಕಿದೊಡನೆ ಜಾರಿ ಎರಡೂ ಅಂಚನ್ನು ಕಿತ್ತು ಚೌಕಟ್ಟಿನ ಮೇಲೆ ಗೀರು ಎಳೆಯುತ್ತದೆ. ಕೆಲಸ ಬಲ್ಲವನು ಪ್ರತಿ ಸ್ಕ್ರೂವಿಗೆ ತುದಿಯನ್ನು ಸಮಾನಾಂತರವಾಗಿ ಉಜ್ಜಿಕೊಂಡು, ಸೀಳಿನ ತಳ ಮುಟ್ಟುವಂತೆ, ಅಗಲಕ್ಕೆ ಸರಿಯಾಗಿ ಕೂರಿಸಿಕೊಂಡೇ ತಿರುಗಿಸುತ್ತಾನೆ. ಗಟ್ಟಿಯಾಗಿ ಕೂತಿದ್ದರೆ ಎಣ್ಣೆ ಬಿಟ್ಟು ನಾಳೆ ಬನ್ನಿ ಎನ್ನುತ್ತಾನೆ. ಸುತ್ತಿಗೆ ತೆಗೆದುಕೊಂಡವನ ಕೈಯಿಂದ ಕೋವಿ ಇಸಿದುಕೊಂಡು ಹೊರಡಿ. ಈ ಸ್ಕ್ರೂಗಳ ಹಲ್ಲು ನಮ್ಮ ಮಾರುಕಟ್ಟೆಯ ಮೆಟ್ರಿಕ್ ಅಳತೆಯದ್ದಲ್ಲ. ಒಂದು ಕಳೆದರೆ ಕಡೆದು ಮಾಡಿಸಬೇಕು.

ಎರಡನೆಯದು, ಅವನು ಮೊದಲು ಏನು ಕೇಳುತ್ತಾನೆ ಎಂಬುದು. ಪರವಾನಗಿ ತೋರಿಸಿ ಎನ್ನಬೇಕು, ಸಂಖ್ಯೆ ತಾಳೆ ನೋಡಬೇಕು, ದಾಖಲೆ ಪುಸ್ತಕದಲ್ಲಿ ಬರೆದು ರಸೀದಿ ಕೊಡಬೇಕು. ನೀವೂ ಅವನ ಪರವಾನಗಿಯಲ್ಲಿ ದುರಸ್ತಿ ಎಂಬ ಮಾತು ಇದೆಯೇ ಎಂದು ಓದಿ. ಮಾರಾಟಕ್ಕೆ ಮಾತ್ರ ಪರವಾನಗಿ ಪಡೆದ ಅಂಗಡಿಗಳೂ ಇವೆ. ಕೋವಿಯನ್ನು ನೀವೇ ಒಯ್ಯಬೇಕು, ಕೊರಿಯರ್ ಮೂಲಕ ಕಳಿಸುವುದು ಬೇಡ.

ನಿಕ್ಕಲ್ ಬಗ್ಗೆ ಯಾರೂ ಮಾತಾಡಲಿಲ್ಲ. ಲೇಪ ಹಿಡಿಯಬೇಕಾದರೆ ಮೇಲ್ಮೈ ಉಜ್ಜಬೇಕು. ಉಜ್ಜಿದರೆ ಬಾಣ ಹೋಯಿತು, 1916 ಹೋಯಿತು, ಅಂಚುಗಳು ದುಂಡಾದವು.

ದೂರದ ಬೆಟ್ಟ

ತುಕ್ಕಿನ ಚುಕ್ಕೆ ಹಾಗೇ ಬಿಡಬೇಕೇ? ನನಗೆ ಈ ಸಂಗ್ರಾಹಕರ ಶಾಸ್ತ್ರವೇ ಅರ್ಥವಾಗುವುದಿಲ್ಲ. ಮನೆಯ ವಸ್ತು ಹೊಳೆಯಬೇಕು. ದೇವರ ಕಂಚಿನ ದೀಪವನ್ನು ಹುಣಸೆಹಣ್ಣು ಹಚ್ಚಿ ತಿಕ್ಕುವುದಿಲ್ಲವೇ?

ಹಳೆಯ ಶಸ್ತ್ರಾಗಾರ

ಹುಣಸೆಹಣ್ಣು ಉಕ್ಕಿನ ಹತ್ತಿರ ತರಬೇಡಿ, ದಯವಿಟ್ಟು. ಕೆಂಪು ತುಕ್ಕು ತೆಗೆಯಬೇಕು, ಅದು ತಿನ್ನುತ್ತಾ ಹೋಗುತ್ತದೆ. ತೆಳು ಎಣ್ಣೆ ಹಚ್ಚಿ ಬಿಟ್ಟು, ಮೆತ್ತನೆಯ ಬಟ್ಟೆಯಿಂದ ಒರೆಸಿ, ಮತ್ತೆ ಎಣ್ಣೆ ಹಚ್ಚಿ. ನಿಧಾನವಾಗಿ ಬಿಡುತ್ತದೆ. ಅಡಿಯಲ್ಲಿ ಉಳಿಯುವ ಕಂದು ಬಣ್ಣ ವಯಸ್ಸಿನದು, ಅದು ಇರಲಿ. ಮರಳು ಕಾಗದ ಮುಟ್ಟಿಸಬಾರದು.

ಹೇಮಾವತಿ ತೀರ

ಈ ನಡುವೆ ಕೆಲವರನ್ನು ಕಂಡು ಬಂದೆ. ಒಂದು ಊರಿನಲ್ಲಿ ಅಂಗಡಿಯವರು ರಿವಾಲ್ವರ್ ನೋಡಿದೊಡನೆ, "ಇದನ್ನು ನನಗೇ ಕೊಟ್ಟುಬಿಡಿ, ಕಾಗದಪತ್ರ ನಾನು ನೋಡಿಕೊಳ್ಳುತ್ತೇನೆ" ಎಂದರು. ನಿಷೇಧಿತ ಬೋರಿನ ಕೋವಿಯ ಕಾಗದಪತ್ರ ಅವರು ಹೇಗೆ ನೋಡಿಕೊಳ್ಳುತ್ತಾರೋ ಕೇಳದೆ ಹೊರಟೆ. ಇನ್ನೊಂದು ಕಡೆ ಒಬ್ಬ ವಯಸ್ಸಾದವರು, ತಂದೆಯಿಂದ ಕೆಲಸ ಕಲಿತವರು, ಮೊದಲು ಪರವಾನಗಿ ಕೇಳಿದರು. ಆಮೇಲೆ ಕನ್ನಡಕ ಬದಲಾಯಿಸಿಕೊಂಡು, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಕೋವಿ ಇಟ್ಟರು. ಖಾನೆ ಎಳೆದರೆ ಸಾಲು ಸಾಲು ಸ್ಕ್ರೂಡ್ರೈವರ್‌ಗಳು, ಎಲ್ಲವೂ ತುದಿ ಉಜ್ಜಿದವು. ಹಿಡಿಕೆಯ ಸ್ಕ್ರೂವಿಗೆ ಒಂದೊಂದಾಗಿ ಹಿಡಿದು ನೋಡಿ, ಯಾವುದೂ ಒಪ್ಪಲಿಲ್ಲವೆಂದು ಒಂದನ್ನು ಕಲ್ಲಿಗೆ ತಿಕ್ಕತೊಡಗಿದರು. ನನಗೆ ನಿಮ್ಮ ಬರಹವೇ ಕಣ್ಣೆದುರು ಬಂತು.

.32 ಮಾತು ಎತ್ತಿದೆ, ಸುಮ್ಮನೆ ಪರೀಕ್ಷೆಗೆ. ತಲೆ ಎತ್ತಲಿಲ್ಲ. "ಅದಕ್ಕೆ ಬೇರೆಯವರನ್ನು ನೋಡಿ" ಎಂದರು. ಶುಚಿ ಮಾಡಿ, ಸಿಲಿಂಡರಿನ ಹಿಂದೆ ಮುಂದೆ ಆಟವನ್ನು ಅಳೆದು ಹೇಳುತ್ತೇನೆ, ಸರಿಪಡಿಸಲೇಬೇಕೇ ಎಂಬುದನ್ನು ಆಮೇಲೆ ನೋಡೋಣ ಎಂದು ರಸೀದಿ ಕೊಟ್ಟಿದ್ದಾರೆ. ಹಿಡಿಕೆಯನ್ನು ಬೀಟೆಯಲ್ಲಿ ಮಾಡಿಸಲು ಕೊಡಗಿಗೆ ಹೋಗುವವನಿದ್ದೇನೆ, ಅಳತೆಗೆ ಹಳೆಯ ಪಟ್ಟಿಗಳನ್ನಷ್ಟೇ ಒಯ್ದರೆ ಸಾಕಲ್ಲವೇ?

ಪರವಾನಗಿ ಪುಸ್ತಕವೂ ಸಿಕ್ಕಿತು. ಉಳಿದಿರುವ ಹಳೆಯದು 1934ರದು, ಮುತ್ತಾತನ ಹೆಸರಿನಲ್ಲೇ ಇದೆ. ಇತಿಹಾಸದ ಹುಳು ಅವರು ಇದನ್ನು ಹೇಗೆ ಬೇಕಾದರೂ ಓದಿಕೊಳ್ಳಲಿ.

ಇತಿಹಾಸದ ಹುಳು

ಕೊಂಡದ್ದು ಅವರೇ ಎಂದು ಓದಿಕೊಳ್ಳುತ್ತೇನೆ. ಹೈಫಾಕ್ಕೆ ಹೋದವರು ಮನೆಗೆ ಮರಳಿ, ತಮ್ಮ ಅಧಿಕಾರಿಯ ಸೊಂಟದಲ್ಲಿ ನೋಡಿದಂಥದ್ದನ್ನು ಸ್ವಂತ ಹಣದಲ್ಲಿ ಕೊಂಡರು ಎಂದರೆ ನಿಮ್ಮ ಅಜ್ಜಿಯೂ ಒಪ್ಪುತ್ತಿದ್ದರೇನೋ. ಆದರೆ ಇದು ಊಹೆ, ಬರೆದಿಟ್ಟುಕೊಳ್ಳುವಾಗ ಊಹೆ ಎಂದೇ ಬರೆಯಿರಿ.

ಕುಶಾಲನಗರ ದಾಟಿ

ಪಟ್ಟಿಗಳನ್ನಷ್ಟೇ ತನ್ನಿ, ಎರಡೂ ಬದಿಯವು, ಸ್ಕ್ರೂ ಸಹಿತ. ಚೌಕಟ್ಟಿನ ಗುಣಿಗೆ ಕೂರುವ ಒಳಭಾಗದ ಗುರುತು ಅವುಗಳ ಮೇಲೇ ಇರುತ್ತದೆ. ಕೊನೆಯ ಕೈಗೆ ಮಾತ್ರ ಕೋವಿ ಎದುರಿಗೆ ಬೇಕಾಗಬಹುದು, ಆಗ ಪರವಾನಗಿಯೊಂದಿಗೆ ನೀವೇ ಬನ್ನಿ. ಮಡಿಕೇರಿಗೆ ಬಂದಾಗ ಜನರಲ್ ತಿಮ್ಮಯ್ಯ ಅವರ ಸನ್ನಿ ಸೈಡ್ ಮನೆಯ ವಸ್ತುಸಂಗ್ರಹಾಲಯಕ್ಕೂ ಹೋಗಿ. 2021ರಲ್ಲಿ ತೆರೆದದ್ದು, ಹಳೆಯ ಆಯುಧಗಳನ್ನು ಹೇಗೆ ಇಟ್ಟಿದ್ದಾರೆ ಎಂದು ನೋಡಬಹುದು.

ಹೇಮಾವತಿ ತೀರ

ಖಂಡಿತ. ಇನ್ನೊಂದು ಪ್ರಶ್ನೆ. ಮುತ್ತಾತನ ಚರ್ಮದ ಚೀಲವೂ ಇದೆ, ಹೊಲಿಗೆ ಗಟ್ಟಿಯಾಗಿದೆ. ಕೆಲಸ ಮುಗಿದು ಬಂದ ಮೇಲೆ ಅದರಲ್ಲೇ ಇಡಬಹುದೇ?

ಹಳೆಯ ಶಸ್ತ್ರಾಗಾರ

ಬೇಡ. ಚರ್ಮ ಹದ ಮಾಡಿದ ರಾಸಾಯನಿಕ ಮತ್ತು ಮಲೆನಾಡಿನ ತೇವ ಸೇರಿದರೆ ಒಂದು ಮಳೆಗಾಲ ಸಾಕು. ನಿಮ್ಮ ಚುಕ್ಕೆಗಳು ಎಲ್ಲೆಲ್ಲಿವೆ ನೋಡಿ, ಚೀಲ ತಾಗುವ ಕಡೆಯೇ ಇರುತ್ತವೆ. ಎಣ್ಣೆ ಒರೆಸಿದ ಹತ್ತಿಬಟ್ಟೆಯಲ್ಲಿ ಸುತ್ತಿ, ಬೀಗವಿರುವ ಕಬ್ಬಿಣದ ಪೆಟ್ಟಿಗೆಯಲ್ಲಿ, ತೇವ ಹೀರುವ ಸಿಲಿಕಾ ಪೊಟ್ಟಣದ ಜೊತೆ ಇಡಿ. ಚೀಲ ಬೇರೆ ಕಪಾಟಿನಲ್ಲಿರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ತೆರೆದು ನೋಡಿ.

ನಿರ್ವಾಹಕರು

ಚುನಾವಣೆ ಘೋಷಣೆಯಾದರೆ ಕೋವಿ ಠೇವಣಿ ಇಡುವ ಆದೇಶ ಬರುತ್ತದೆ. ದುರಸ್ತಿಗೆ ಕೊಟ್ಟಿರುವವರು ರಸೀದಿಯನ್ನು ಠಾಣೆಗೆ ತೋರಿಸಬೇಕಾಗಬಹುದು, ಜೋಪಾನವಾಗಿ ಇಟ್ಟುಕೊಳ್ಳಿ. ಸಿಲಿಂಡರಿನ ಅಳತೆ ಬಂದ ಮೇಲೆ ಹೇಮಾವತಿ ತೀರ ಅವರು ಬರೆಯಲಿ ಎಂದು ಚರ್ಚೆಯನ್ನು ತೆರೆದೇ ಇಟ್ಟಿದ್ದೇವೆ.